ಸಾತುವಿನ ಹಿಡಿಯಷ್ಟು ಉಪ್ಪು

ಆ ಹೊಳೆಗೆ ಇನ್ನೂ ಹೆಸರು ಬಿದ್ದಿರಲಿಲ್ಲ, ಅಷ್ಟು ಹಳೆಯ ಮಾತು ಇದು.

ಹೊಳೆಯ ದಂಡೆಯಲ್ಲಿ ಒಂದು ಸಿಹಿನೀರಿನ ಒರತೆ. ಒರತೆಯ ಪಕ್ಕ ಒಂದು ಆಶ್ರಮ. ಆಶ್ರಮದಲ್ಲಿ ಒಬ್ಬ ಗುರು. ಜನ ಅವನನ್ನು ಒರತೆಯಜ್ಜ ಅಂತ ಕರೆಯುತ್ತಿದ್ದರು.

ಅಜ್ಜ ಸುಮ್ಮನೆ ಕೂತರೆ ಎಷ್ಟು ಸುಮ್ಮನೆ ಅಂದರೆ, ಒಂದು ಸಲ ಕೊಕ್ಕರೆ ಬಂದು ಅವನ ಜಟೆಯಲ್ಲಿ ಮೊಟ್ಟೆ ಇಟ್ಟು, ಮರಿ ಮಾಡಿ, ಮರಿಗೆ ಹಾರುವುದನ್ನು ಕಲಿಸಿ ಹೊರಟುಹೋಯಿತು. ಅಲ್ಲಿಯವರೆಗೂ ಅಜ್ಜ ತಲೆ ಅಲ್ಲಾಡಿಸಲಿಲ್ಲ.

ಅಂಥ ಆಶ್ರಮಕ್ಕೆ ಒಂದು ಬೆಳಗ್ಗೆ ಹಮ್ಮಣ್ಣ ಬಂದ.

ಹಮ್ಮಣ್ಣ ಅಂದರೆ ಹೊಳೆ ಸಮುದ್ರ ಸೇರುವ ಕಡೆ ಪಾತಿ ಕಟ್ಟಿ ಉಪ್ಪು ತೆಗೆಯುವವನು. ಅವನ ಪಾತಿಯ ಉಪ್ಪು ಎಂಥ ಬಿಳುಪು ಅಂದರೆ, ಮಧ್ಯಾಹ್ನದ ಬಿಸಿಲಲ್ಲಿ ಅದರ ಮೇಲೆ ಹಾರಿದ ಕಾಗೆ ಆಚೆ ದಡ ಮುಟ್ಟುವಷ್ಟರಲ್ಲಿ ಬೆಳ್ಳಗಾಗಿರುತ್ತಿತ್ತು. ಉಳಿದ ಕಾಗೆಗಳು ಅದನ್ನು ಹತ್ತಿರ ಸೇರಿಸುತ್ತಿರಲಿಲ್ಲ.

ಅಂಥವನು ಆವತ್ತು ದೋಣಿಯಲ್ಲಿ ಅಳುತ್ತ ಬಂದ. ಕಣ್ಣೀರು ತುಂಬಿ ದೋಣಿ ಒಂದು ಗೇಣು ಕೆಳಗಿಳಿದಿತ್ತು. ಅಂಬಿಗ ಒಂದು ಕೈಯಲ್ಲಿ ಹುಟ್ಟು ಹಾಕುತ್ತ, ಇನ್ನೊಂದು ಕೈಯಲ್ಲಿ ನೀರು ಮೊಗೆದು ಚೆಲ್ಲುತ್ತ, ಹೇಗೋ ದಡ ಮುಟ್ಟಿಸಿದ. ಆ ಅಂಬಿಗ ಇದನ್ನು ಎಷ್ಟೋ ಜನರ ಮುಂದೆ ಹೇಳಿದ್ದಾನೆ, ಒಂದು ಸಲವೂ ಕಮ್ಮಿ ಮಾಡಿ ಹೇಳಿಲ್ಲ.

ಹಮ್ಮಣ್ಣನಿಗೆ ಒಬ್ಬಳೇ ಮಗಳು, ಸಾತು. ಅಪ್ಪನಿಗೆ ಗಂಜಿ ತಗೊಂಡು ಪಾತಿಯ ಕಟ್ಟೆಯ ಮೇಲೆ ನಡೆದು ಬರುತ್ತಿದ್ದಳು. ಉಬ್ಬರದ ನೀರು ಕಟ್ಟೆ ಒಡೆಯಿತು.

ಗಂಜಿಯ ತಂಬಿಗೆ ಸಿಕ್ಕಿತು.

ಅವತ್ತಿನಿಂದ ಹಮ್ಮಣ್ಣ ಉಪ್ಪು ಮುಟ್ಟಿರಲಿಲ್ಲ. ಪಾತಿಯಲ್ಲೂ ಇಲ್ಲ, ಊಟದಲ್ಲೂ ಇಲ್ಲ.

ಅಜ್ಜನ ಕಾಲ ಬುಡದಲ್ಲಿ ಕೂತು ಹೇಳಿದ:

“ಅಜ್ಜ, ಒಂದೇ ಮಾತು ಕೇಳೂಕೆ ಬಂದೆ.”

“ಕೇಳು.”

“ಈ ದುಃಖಕ್ಕೆ ಕೊನೆ ಉಂಟಾ?”

“ಇಲ್ಲ.”

ಹಮ್ಮಣ್ಣ ಎದ್ದ. ಹೊಳೆಯ ಕಡೆ ಮುಖ ಮಾಡಿದ.

“ಎಲ್ಲಿಗೆ ತಮ್ಮಾ?”

“ಕೊನೆ ಇಲ್ಲದ್ದನ್ನು ಹೊರೂಕೆ ನನ್ನಿಂದ ಆಗೂದಿಲ್ಲ. ಹೊಳೆಗೆ ಇಳೀತೇನೆ.”

“ಹೊಳೆ ಎಲ್ಲಿಗೂ ಓಡಿಹೋಗೂದಿಲ್ಲ. ಕೂತುಕೋ. ಕೊನೆ ಇಲ್ಲ ಅಂದೆ. ಅಳತೆ ಇಲ್ಲ ಅಂದೆನಾ?”

“ಕೊನೆಯೇ ಇಲ್ಲದ್ದಕ್ಕೆ ಅಳತೆ ಎಲ್ಲಿಂದ ಬರ್ತದೆ?”

“ಅದನ್ನ ಉಪ್ಪಿನವನು ನನ್ನ ಹತ್ತಿರ ಕೇಳ್ತಾನೆ ನೋಡು,” ಅಂದ ಅಜ್ಜ.

ಒಂದು ದೊಡ್ಡ ಗಡಿಗೆ ತರಿಸಿದ. ಒರತೆಯ ನೀರು ಕಂಠದವರೆಗೆ ತುಂಬಿಸಿದ.

“ಇದಕ್ಕೆ ಉಪ್ಪು ಹಾಕು.”

ಹಮ್ಮಣ್ಣ ಕೈ ಹಿಂದಕ್ಕೆ ಎಳೆದುಕೊಂಡ. “ಎಷ್ಟು?”

“ನಿನ್ನ ಮಗಳ ಹಿಡಿಯಷ್ಟು.”

ಅಡುಗೆಮನೆಯಲ್ಲಿ ಪರಮಯ್ಯ ಇದ್ದ. ಆಶ್ರಮದ ಹಳೆಯ ಶಿಷ್ಯ, ಅಡುಗೆಯೂ ಅವನದೇ. ಅವನು ಊಟಕ್ಕೆ ಕರೆದರೆ ಆಚೆ ದಡದಲ್ಲಿ ತೆಂಗಿನಕಾಯಿ ಉದುರುತ್ತಿದ್ದವು. ಆವತ್ತು ಮಾತ್ರ ಏನೂ ಮಾತಾಡದೆ ಉಪ್ಪಿನ ಮರಿಗೆಯ ಮುಚ್ಚಳ ತೆಗೆದು ಪಕ್ಕಕ್ಕೆ ಸರಿದು ನಿಂತ.

ಹಮ್ಮಣ್ಣ ಅಂಗೈ ಚಾಚಿದ. ಸಾತು ತನ್ನ ಮುಷ್ಟಿಯನ್ನು ಅಪ್ಪನ ಅಂಗೈಯೊಳಗೆ ಇಟ್ಟು ನಿದ್ದೆ ಹೋಗುತ್ತಿದ್ದಳು. ಅಂಗೈಗೆ ಅದರ ಗುರುತು ಇತ್ತು. ಅಷ್ಟೇ ಗುಳಿ ಮಾಡಿದ. ಅಷ್ಟೇ ಉಪ್ಪು ತುಂಬಿದ. ಒಂದು ಹರಳು ಹೆಚ್ಚಾಯಿತು ಅನ್ನಿಸಿ ವಾಪಸ್ಸು ಹಾಕಿದ.

ಉಪ್ಪು ಗಡಿಗೆಯಲ್ಲಿ ಕರಗಿತು.

“ಇನ್ನು ಕೇಳು,” ಅಂದ ಅಜ್ಜ. “ಗೋಡೆಯಾಚೆ ಬಿಸಿಲಿಗೆ ಒಂದು ಪಾತಿ ಮಾಡು. ದಿನಾ ಬೆಳಗ್ಗೆ ಗಡಿಗೆ ಚೆನ್ನಾಗಿ ಕಲಕು. ಅರ್ಧ ನೀರು ಪಾತಿಗೆ ಬಿಡು. ಅಷ್ಟೇ ಸಿಹಿನೀರು ಗಡಿಗೆಗೆ ತುಂಬು. ಒಂದು ಹನಿ ನಾಲಿಗೆಗೆ ಹಾಕಿಕೋ. ಪಾತಿಯ ನೀರು ಆರಿ ಉಪ್ಪು ಉಳೀತದೆ. ಅದು ಎಷ್ಟಾಗ್ತದೆ ನೋಡುವ.”

ಹಮ್ಮಣ್ಣ ಉಪ್ಪಿನವನು. ತಲೆಯಲ್ಲೇ ಲೆಕ್ಕ ಹಾಕಿದ.

“ಅರ್ಧ ಬಿಟ್ಟರೆ ಅರ್ಧ ಉಳೀತದೆ.”

“ಹೌದು.”

“ಅದರಲ್ಲಿ ಅರ್ಧ ಬಿಟ್ಟರೆ ಮತ್ತೆ ಅರ್ಧ ಉಳೀತದೆ. ಗಡಿಗೆ ಯಾವತ್ತೂ ಪೂರ್ತಿ ಸಿಹಿ ಆಗೂದಿಲ್ಲ.”

“ಆಗೂದಿಲ್ಲ.”

“ಪಾತಿಗೆ ದಿನಾ ಒಂದಿಷ್ಟು ಉಪ್ಪು ಬೀಳ್ತಾನೇ ಇರ್ತದೆ. ನಾನು ಸತ್ತರೂ, ಮತ್ತೊಬ್ಬ ಬಂದು ಬಿಟ್ಟರೂ, ಬೀಳ್ತಾನೇ ಇರ್ತದೆ.”

“ಇರ್ತದೆ.”

“ಹಾಗಾದರೆ ಆ ರಾಶಿ ಆಕಾಶ ಮುಟ್ಟಬೇಕು!”

“ಮುಟ್ಟುವ ಹಾಗೆ ಕಂಡ ದಿನ ಬಂದು ಹೇಳು,” ಅಂದ ಅಜ್ಜ. “ಆಗ ನೀನು ಹೊಳೆಗೆ ಇಳಿದರೂ ಕೈ ಹಿಡಿದು ನಿಲ್ಲಿಸೂದಿಲ್ಲ.”

ಹಮ್ಮಣ್ಣ ಪಾತಿ ಮಾಡಿದ. ಜೇಡಿಮಣ್ಣು ಹಾಕಿ, ತನ್ನ ಊರಿನ ಕ್ರಮದಂತೆ ಹಿಮ್ಮಡಿಯಿಂದ ತುಳಿದು ತುಳಿದು ಗಟ್ಟಿ ಮಾಡಿದ. ಎಷ್ಟು ನುಣುಪು ಅಂದರೆ, ಅದರ ಮೇಲೆ ನಡೆದ ಇರುವೆ ಜಾರಿ ಬಿದ್ದು ಕಾಲು ಮುರಿದುಕೊಂಡಿತು.

ಮೊದಲ ಬೆಳಗ್ಗೆ ಹನಿ ನಾಲಿಗೆಗೆ ಬಿದ್ದಾಗ ಅವನಿಗೆ ಸಮುದ್ರವೇ ಬಾಯಿಗೆ ಬಂದಂತಾಯಿತು. ಕೂತಲ್ಲೇ ಅತ್ತ.

ಮಾರನೆಯ ದಿನ ಅದು ಕಣ್ಣೀರಿನಷ್ಟು.

ಆಮೇಲೆ ಸಾರಿನಷ್ಟು.

ಆಮೇಲೆ ಬೆವರು ಒರೆಸಿದ ಮೇಲೆ ತುಟಿಯಲ್ಲಿ ಉಳಿಯುವಷ್ಟು.

ಪಾತಿಯಲ್ಲಿ ಉಪ್ಪು ಕೂತಿತ್ತು. ಮೊದಲು ದಪ್ಪಗೆ, ಆಮೇಲೆ ತೆಳ್ಳಗೆ, ಆಮೇಲೆ ಹಿಂದಿನ ದಿನದ್ದು ಯಾವುದು ಇವತ್ತಿನದು ಯಾವುದು ಅಂತ ತಿಳಿಯದಷ್ಟು. ಎಲ್ಲ ಸೇರಿಸಿದರೂ ಅಂಗೈಯ ಆ ಗುಳಿ ತುಂಬುತ್ತಿರಲಿಲ್ಲ. ಇನ್ನೇನು ತುಂಬಿತು ಅನ್ನುವ ಹಾಗೆ ಕಾಣುತ್ತಿತ್ತು, ತುಂಬುತ್ತಿರಲಿಲ್ಲ.

ಒಂದು ಬೆಳಗ್ಗೆ ಹನಿ ಹಾಕಿಕೊಂಡ. ಉಪ್ಪು ಸಿಗಲಿಲ್ಲ. ನಾಲಿಗೆಯನ್ನು ಬಾಯಿತುಂಬ ಓಡಾಡಿಸಿ ಹುಡುಕಿದ. ಎಲ್ಲೋ ಹಿಂದಿನ ಹಲ್ಲಿನ ಮೂಲೆಯಲ್ಲಿ ಇದ್ದಂತೆ ಅನ್ನಿಸಿತು. ಇಲ್ಲದಂತೆಯೂ ಅನ್ನಿಸಿತು.

ಆಗಲೇ ಸಾತುವಿನ ಮುಖ ನೆನಪು ಮಾಡಿಕೊಂಡ.

ನಕ್ಕಾಗ ಅವಳಿಗೆ ಒಂದು ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಯಾವ ಕೆನ್ನೆ?

ಎಡವಾ?

ಬಲವಾ?

ಹಮ್ಮಣ್ಣ ಗಡಿಗೆ ಬಿಟ್ಟು ಓಡಿದ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಮರಿಗೆಯಿಂದ ಒಂದು ಹಿಡಿ ಉಪ್ಪು ತಗೊಂಡು ಬಂದು ಗಡಿಗೆಗೆ ಸುರಿದ. ಕಲಕಿದ. ಹನಿ ನಾಲಿಗೆಗೆ ಹಾಕಿಕೊಂಡ.

ಸಮುದ್ರ ಮತ್ತೆ ಬಾಯಿಗೆ ಬಂತು. ಅತ್ತ. ಸಮಾಧಾನವಾಯಿತು.

ಮಾರನೆಯ ದಿನವೂ ಹಾಕಿದ. ಅದರ ಮಾರನೆಯ ದಿನವೂ. ಅರ್ಧ ಬಿಡುವುದನ್ನು ಮಾತ್ರ ತಪ್ಪಿಸಲಿಲ್ಲ, ಗುರುವಿನ ಮಾತಲ್ಲವೇ.

ಅತ್ತ ಅಡುಗೆಮನೆಯಲ್ಲಿ ಪರಮಯ್ಯನ ಕೂಗು ಎದ್ದಿತು.

“ಯಾರ ಕೆಲಸವೋ ಇದು? ಮರಿಗೆಯಲ್ಲಿ ಉಪ್ಪು ನಿಲ್ಲೂದೇ ಇಲ್ಲ! ದೋಣಿ ತುಂಬ ತರಿಸಿದರೂ ಸಾಲೂದಿಲ್ಲ! ಇದು ಆಶ್ರಮವಾ, ಉಪ್ಪಿನಕಾಯಿ ಭರಣಿಯಾ?”

ಆಶ್ರಮದ ಸಾರು ಸಪ್ಪೆಯಾಯಿತು. ಎಷ್ಟು ಸಪ್ಪೆ ಅಂದರೆ, ಎಲೆಯ ಮೇಲೆ ಕೂತ ನೊಣ ಒಂದು ಗುಟುಕು ನೋಡಿ, ಪರಮಯ್ಯನ ಮುಖ ನೋಡಿ, ಸಂಸಾರ ಸಮೇತ ಬೇರೆ ಊರಿಗೆ ಹೋಯಿತು.

ಕೊನೆಗೆ ಪರಮಯ್ಯ ಕಳ್ಳನನ್ನು ಹಿಡಿದ. ಆಶ್ರಮದ ಮೇಕೆ.

“ನನಗೆ ಮೊದಲೇ ಗೊತ್ತಿತ್ತು ಹಮ್ಮಣ್ಣ. ಇದರ ಗಡ್ಡ ನೋಡು. ಋಷಿಯ ಗಡ್ಡ, ಕಳ್ಳನ ಕಣ್ಣು.” ಹೀಗೆ ಹೇಳಿ ಮೇಕೆಯ ಬಾಯಿಗೆ ನಾರಿನ ಹಗ್ಗ ಕಟ್ಟಿದ. ಹುಲ್ಲಿಗೆ ಮಾತ್ರ ಬಿಚ್ಚುತ್ತಿದ್ದ.

ಮೇಕೆ ಹಮ್ಮಣ್ಣನನ್ನೇ ನೋಡುತ್ತಿತ್ತು. ಹಮ್ಮಣ್ಣ ಬೇರೆ ಕಡೆ ನೋಡುತ್ತಿದ್ದ.

ಪಾತಿಯಲ್ಲಿ ರಾಶಿ ಏಳತೊಡಗಿತು. ಮೊಣಕಾಲು ಮುಟ್ಟಿತು. ಸೊಂಟ ಮುಟ್ಟಿತು. ಹಮ್ಮಣ್ಣ ದಿನಾ ಅದರ ಮುಂದೆ ನಿಂತು ನೋಡುತ್ತಿದ್ದ. ನೋಡಿದಷ್ಟೂ ಎದೆಯೊಳಗೆ ಏನೋ ಮುಳುಗುತ್ತಿತ್ತು. ತಾನು ಹಾಕಿದ್ದನ್ನು ಅವನು ಮರೆತಿರಲಿಲ್ಲ. ಆದರೆ ರಾಶಿಯನ್ನು ನೋಡುವಾಗ ಅದನ್ನು ನೆನಪು ಮಾಡಿಕೊಳ್ಳುತ್ತಿರಲಿಲ್ಲ.

ರಾಶಿ ಎದೆಯೆತ್ತರ ಬಂದ ದಿನ ಅಜ್ಜನ ಮುಂದೆ ಹೋಗಿ ನಿಂತ.

“ಅಜ್ಜ, ಬನ್ನಿ. ನೋಡಿ. ನಾನು ಹೇಳಿದ್ದೇ ಸರಿ. ಇದಕ್ಕೆ ಕೊನೆಯೂ ಇಲ್ಲ, ಅಳತೆಯೂ ಇಲ್ಲ. ಇನ್ನು ನನ್ನ ಕೈ ಬಿಡಿ, ಹೊಳೆಗೆ ಇಳೀತೇನೆ.”

ಅಜ್ಜ ಎದ್ದು ಬಂದ. ರಾಶಿಯ ಸುತ್ತ ಒಂದು ಸುತ್ತು ಬಂದ. ಒಂದು ಹರಳು ಎತ್ತಿ ಬಾಯಿಗೆ ಹಾಕಿಕೊಂಡ.

“ಒಳ್ಳೇ ಉಪ್ಪು,” ಅಂದ. “ಒಂದು ಹಿಡಿ ಬಿತ್ತಿದೆ, ಗುಡ್ಡ ಬೆಳೆದೆ. ನಿನ್ನ ಊರಲ್ಲಿ ಯಾರಾದರೂ ಇಂಥ ಬೆಳೆ ತೆಗೆದದ್ದು ಉಂಟಾ?”

ಹಮ್ಮಣ್ಣ ಬೇರೆ ಕಡೆ ನೋಡಿದ.

ಅಜ್ಜ ಅಡುಗೆಮನೆಯ ಕಡೆ ತಿರುಗಿ ಕೂಗಿದ:

“ಪರಮಯ್ಯಾ, ಮೇಕೆಯ ಬಾಯಿ ಬಿಚ್ಚು.”

ಪರಮಯ್ಯ ಹೊರಗೆ ಬಂದ. ರಾಶಿ ನೋಡಿದ. ಹಮ್ಮಣ್ಣನನ್ನು ನೋಡಿದ. ಕೈಯಲ್ಲಿದ್ದ ಸೌಟು ಮೇಲೆತ್ತಿದ.

“ಎಲಾ ಪಾಪಿ! ಇಷ್ಟು ದಿನ ನನ್ನ ಕೈಯಿಂದ ಸಪ್ಪೆ ಸಾರು ಮಾಡಿಸಿ, ಆ ಬಡಪಾಯಿ ಪ್ರಾಣಿಯ ಬಾಯಿ ಕಟ್ಟಿಸಿ, ನೀನು ಇಲ್ಲಿ...”

ಹಮ್ಮಣ್ಣನ ಮುಖ ಕಂಡು ಅಲ್ಲಿಗೇ ನಿಲ್ಲಿಸಿದ. ಸೌಟು ಇಳಿಯಿತು. ಹೋಗಿ ಮೇಕೆಯ ಹಗ್ಗ ಬಿಚ್ಚಿದ. ಅದರ ಗಡ್ಡ ಸವರಿದ.

“ಯಾಕೆ ಹಾಕಿದೆ ತಮ್ಮಾ?” ಅಜ್ಜ ಕೇಳಿದ.

“ಹೋಗ್ತಾ ಇತ್ತು ಅಜ್ಜ. ಹುಡುಕಿದರೂ ಸಿಗ್ತಿರಲಿಲ್ಲ. ಉಪ್ಪು ಹೋದ ಹಾಗೆ ಅವಳ ಮುಖವೂ ಹೋಗ್ತಾ ಇತ್ತು. ಹೋಗೂಕೆ ಬಿಡಲಿಲ್ಲ.”

“ಮನೆ ಯಾಕೆ ಬಿಟ್ಟೆ?”

ಅಜ್ಜ ಇದನ್ನು ಕೇಳುತ್ತಾನೆ ಅಂತ ಹಮ್ಮಣ್ಣ ಅಂದುಕೊಂಡಿರಲಿಲ್ಲ. ನೆಲ ನೋಡುತ್ತ ಹೇಳಿದ.

“ನನ್ನ ಹೆಂಡತಿ ಹೊನ್ನಿ. ಅವಳು ಒಂದು ದಿನ ನಕ್ಕಳು.”

“ನಕ್ಕಳಾ?”

“ಪಕ್ಕದ ಮನೆಯ ಕರು ಕುಣೀತಾ ಬಂದು ನಮ್ಮ ಚಪ್ಪರದ ಕಂಬಕ್ಕೆ ಗುದ್ದಿ ಮಗುಚಿಬಿತ್ತು. ಅದನ್ನ ಕಂಡು ನಕ್ಕಳು. ಕೂಡಲೇ ಬಾಯಿಗೆ ಸೆರಗು ಹಿಡಿದಳು. ಆದರೆ ನಕ್ಕಾಗಿತ್ತು. ನಾನು ಉಟ್ಟ ಬಟ್ಟೆಯಲ್ಲೇ ದೋಣಿ ಹತ್ತಿದೆ.”

“ಅಳೂದು ಬಿಟ್ಟಿದ್ದಳಾ?”

“ಇಲ್ಲ. ದಿನಾ ಅಳ್ತಿದ್ದಳು. ದಿನದಿಂದ ದಿನಕ್ಕೆ ಕಮ್ಮಿ ಅಳ್ತಿದ್ದಳು.”

“ಕಮ್ಮಿ ಆದದ್ದು ತಪ್ಪಾ?”

ಹಮ್ಮಣ್ಣನಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಗುರುವಿನ ಮುಂದೆ ಅವನ ದನಿ ಎಂದೂ ಅಷ್ಟು ಏರಿರಲಿಲ್ಲ.

“ನೀವೇ ತೋರಿಸಿಕೊಟ್ಟಿರಿ ಅಜ್ಜ! ನಾನು ಕೈ ಹಾಕದೆ ಇದ್ದಿದ್ದರೆ ಈ ಪಾತಿಯಲ್ಲಿ ಎಷ್ಟು ಇರ್ತಿತ್ತು? ಹೇಳಿ!”

“ಒಂದು ಹಿಡಿ.”

“ನೂರು ವರ್ಷ ಬಿಟ್ಟಿದ್ದರೆ?”

“ಒಂದು ಹಿಡಿಯ ಒಳಗೆ.”

“ಪ್ರಳಯದವರೆಗೂ ಬಿಟ್ಟಿದ್ದರೆ?”

“ಒಂದು ಹಿಡಿಯ ಒಳಗೇ. ಹಾಕಿದ್ದಕ್ಕಿಂತ ಒಂದು ಹರಳೂ ಹೆಚ್ಚು ಬರೂದಿಲ್ಲ. ದಿನಕ್ಕೆ ಲೆಕ್ಕ ಇಲ್ಲ. ಉಪ್ಪಿಗೆ ಉಂಟು.”

“ಕೇಳಿದಿರಾ! ಕಮ್ಮಿ ಆಗ್ತಾ ಹೋದರೆ ಎಲ್ಲ ಕೂಡಿಸಿದರೂ ಒಂದು ಹಿಡಿ. ನಾನು ಇವತ್ತು ಅತ್ತದ್ದು, ನಾಳೆ ಅಳೂದು, ಮುದುಕನಾಗಿ ಮೂಲೆಯಲ್ಲಿ ಕೂತು ಅಳೂದು, ಎಲ್ಲ ಸೇರಿ ಒಂದು ಹಿಡಿ. ನನ್ನ ಸಾತುವಿಗೆ ಅಷ್ಟೇನಾ? ನನ್ನ ಮಗಳು ಅಷ್ಟೇನಾ ಅಜ್ಜ?”

ಹೊಳೆ ಹರಿಯುತ್ತಿತ್ತು. ಮೇಕೆ ಬಂದು ರಾಶಿಯನ್ನು ಮೂಸಿತು. ನೆಕ್ಕಲಿಲ್ಲ.

ಅಜ್ಜ ಹೇಳಿದ: “ಅರ್ಧ ಬಿಡೂದು ನಿನಗೆ ಕಷ್ಟವಾದರೆ ಅರ್ಧ ಬೇಡ. ಗಡಿಗೆಯಿಂದ ದಿನಕ್ಕೆ ಒಂದು ಸೌಟು ಬಿಡು. ಒಂದು ಸೌಟು ಸಿಹಿನೀರು ಹಾಕು.”

“ಆಗ ರಾಶಿ ದೊಡ್ಡದಾಗ್ತದಾ?”

“ಇಲ್ಲ. ತಡ ಆಗ್ತದೆ. ಆಗೂದು ಅದೇ ಹಿಡಿ.”

“ಚಮಚದಷ್ಟು ಬಿಟ್ಟರೆ?”

“ಇನ್ನೂ ತಡ. ಅದೇ ಹಿಡಿ. ಉಳಿದದ್ದರಲ್ಲಿ ಒಂದು ಪಾಲು, ದಿನಾ ಅದೇ ಪಾಲು, ಹೋಗೂಕೆ ಬಿಡಬೇಕು. ಎಷ್ಟು ಚಿಕ್ಕ ಪಾಲಾದರೂ ಆದೀತು.”

“ದಿನಾ ಹೊಸದಾಗಿ ಹಾಕಿದರೆ?”

“ಅದನ್ನ ನೀನೇ ಮಾಡಿ ನೋಡಿದೆಯಲ್ಲ. ಇವತ್ತಿನಷ್ಟೇ ನಾಳೆ, ನಾಳೆಯಷ್ಟೇ ನಾಡಿದ್ದು. ಸಮುದ್ರದಲ್ಲೂ ಅದಕ್ಕೆ ಜಾಗ ಸಾಲೂದಿಲ್ಲ. ನಿನ್ನ ಎದೆಯಲ್ಲಿ ಎಲ್ಲಿಂದ ಸಾಲಬೇಕು?”

ಹಮ್ಮಣ್ಣ ರಾಶಿಯ ಪಕ್ಕ ಕುಸಿದು ಕೂತ.

ಅವನಿಗೆ ಈಗ ಎರಡೂ ದಾರಿ ಕಾಣುತ್ತಿದ್ದವು. ಬಿಟ್ಟರೆ ಹೊರಬಹುದು, ಆದರೆ ಎಲ್ಲ ಸೇರಿ ಬರೀ ಒಂದು ಹಿಡಿ. ಬಿಡದಿದ್ದರೆ ಮಗಳ ಹೆಸರಿಗೆ ಒಂದು ಗುಡ್ಡ, ಆದರೆ ಅದರ ಭಾರಕ್ಕೆ ತಾನು ಉಳಿಯುವುದಿಲ್ಲ. ಎರಡನ್ನೂ ನೋಡಿದ. ಎರಡರಲ್ಲೂ ಸಾತು ಇರಲಿಲ್ಲ.

ಅಜ್ಜ ಗಡಿಗೆಯನ್ನು ತಾನೇ ಎತ್ತಿ ಹೊಳೆಗೆ ಚೆಲ್ಲಿದ. ತೊಳೆದ. ಒರತೆಯ ನೀರು ತುಂಬಿ ತಂದು ಹಮ್ಮಣ್ಣನ ಮುಂದೆ ಇಟ್ಟ.

“ಮತ್ತೆ ಶುರು ಮಾಡು. ಈ ಸಲ ಒಂದೇ ಹಿಡಿ. ನಿನ್ನ ಮಗಳ ಹಿಡಿ.”

ಹಮ್ಮಣ್ಣ ಕೈ ಚಾಚಿದ. ಅಂಗೈಯಲ್ಲಿ ಗುಳಿ ಮಾಡಿದ.

ಗುಳಿ ದೊಡ್ಡದಾಯಿತು.

ಬೆರಳು ಮಡಚಿ ಚಿಕ್ಕದು ಮಾಡಿದ. ಬಹಳ ಚಿಕ್ಕದಾಯಿತು. ಹುಟ್ಟಿದ ಮಗುವಿನ ಮುಷ್ಟಿ ಅಷ್ಟಿರುತ್ತದೆ. ಮತ್ತೆ ಬಿಚ್ಚಿದ. ಇದಲ್ಲ. ಮತ್ತೆ ಮಡಚಿದ. ಇದೂ ಅಲ್ಲ.

ದಿನಾ ಮರಿಗೆಗೆ ಕೈ ಹಾಕಿ ಮೊಗೆದು ಮೊಗೆದು, ಇವತ್ತು ಒಂದಿಷ್ಟು ಹೆಚ್ಚಿರಲಿ, ನಾಳೆ ಇನ್ನೊಂದಿಷ್ಟು ಹೆಚ್ಚಿರಲಿ ಅಂತ ತುಂಬಿ ತುಂಬಿ, ಅಂಗೈ ಬೇರೆಯೇ ಅಳತೆ ಕಲಿತುಬಿಟ್ಟಿತ್ತು. ಮೊದಲ ದಿನ ಅಲ್ಲಿ ಸಾತುವಿನ ಮುಷ್ಟಿ ಇತ್ತು. ಈಗ ಅಲ್ಲಿ ಹಮ್ಮಣ್ಣನ ಮುಷ್ಟಿ ಮಾತ್ರ ಇತ್ತು.

ಅವನು ಕೈಯನ್ನು ಹಾಗೇ ಮುಂದೆ ಹಿಡಿದುಕೊಂಡು ಕೂತ. ಬಂದ ದಿನ ದೋಣಿ ಮುಳುಗಿಸುವ ಹಾಗೆ ಅತ್ತವನಿಗೆ ಈಗ ಒಂದು ಹನಿಯೂ ಬರಲಿಲ್ಲ.

ಪರಮಯ್ಯ ಬಾಗಿಲಲ್ಲೇ ನಿಂತಿದ್ದ. ಒಳಗೆ ಒಲೆಯ ಮೇಲೆ ಏನೋ ಉಕ್ಕಿ ಸೀಯುತ್ತಿತ್ತು. ಹೋಗಲಿಲ್ಲ.

“ಅಜ್ಜ,” ಅಂದ ಹಮ್ಮಣ್ಣ. ದನಿ ಬಾವಿಯ ತಳದಿಂದ ಬಂದಂತಿತ್ತು. “ಅಳತೆ ಹೋಯಿತು. ಉಳಿಸಿಕೊಳ್ಳೂಕೆ ಹೋಗಿ ಅದನ್ನೂ ಕಳಕೊಂಡೆ. ಅವಳ ಹಿಡಿ ಎಷ್ಟಿತ್ತು ಅಂತ ನನಗೆ ಗೊತ್ತಿಲ್ಲ. ಈ ಲೋಕದಲ್ಲಿ ಇನ್ನು ಯಾರಿಗೂ ಗೊತ್ತಿಲ್ಲ.”

ಅಜ್ಜ ಹೊಳೆಯ ಕಡೆ ನೋಡಿದ. ಅಂಬಿಗ ದೋಣಿಯನ್ನು ಕೆಳಗೆ ಹಮ್ಮಣ್ಣನ ಊರಿನ ಕಡೆ ತಿರುಗಿಸುತ್ತಿದ್ದ.

“ಹೊನ್ನಿಗೆ ಗೊತ್ತಿರ್ತದೆ.”